ಪಿಎಂಇಜಿಪಿ ಸಹಾಯಧನ: ಅರ್ಜಿ ಹಾಕುವ ಮೊದಲೇ ಅರ್ಹತೆಯನ್ನು ನೀವೇ ತೂಗಿ ನೋಡುವ ಬಗೆ

"ಕಿರಾಣಿ ಅಂಗಡಿ ಇಡಬೇಕು ಸಾರ್, ಪಿಎಂಇಜಿಪಿಯಲ್ಲಿ ಸಬ್ಸಿಡಿ ಬರುತ್ತಾ?"

ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವ ನನ್ನ ಮೇಜಿನ ಮುಂದೆ ಇಷ್ಟು ಸಲ ಬಂದ ಪ್ರಶ್ನೆ ಬೇರೊಂದಿಲ್ಲ. ಕರ್ನಾಟಕದಲ್ಲಿ ಬರೀ ಕಿರಾಣಿ ಅಂಗಡಿಗೆ ಈ ಸಹಾಯಧನ ಬರುವುದಿಲ್ಲ. ಆದರೆ ಕೇಳುವವರು ನನ್ನ ಬಳಿ ಬರುವಷ್ಟರಲ್ಲಿ ಮಳಿಗೆಗೆ ಮುಂಗಡ ಕೊಟ್ಟಿರುತ್ತಾರೆ, ಫ್ರಿಜ್‌ಗೆ ಕೊಟೇಶನ್ ತಂದಿರುತ್ತಾರೆ, "ನಾನು ಮಾಡಿಸಿಕೊಡ್ತೀನಿ" ಎಂದ ಯಾರದೋ ಕೈಗೆ ಒಂದಿಷ್ಟು ಸಾವಿರ ಇಟ್ಟಿರುತ್ತಾರೆ. ಅದೇ ಮಳಿಗೆಯಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಿ, ಅಲ್ಲಿ ಬೀಸಿದ ಹಿಟ್ಟು, ಕುಟ್ಟಿದ ಖಾರದಪುಡಿ ಮಾರುತ್ತೇನೆ ಎಂದಿದ್ದರೆ ವಿಷಯವೇ ಬೇರೆಯಾಗುತ್ತಿತ್ತು. ನಿಯಮ ತಿಳಿದು ವ್ಯಾಪಾರ ಆಯ್ದುಕೊಳ್ಳುವುದು ಒಂದು, ವ್ಯಾಪಾರ ಶುರು ಮಾಡಿ ನಿಯಮ ಹುಡುಕುವುದು ಇನ್ನೊಂದು. ಎರಡನೆಯದರಲ್ಲಿ ದುಡ್ಡು ಹೋಗುತ್ತದೆ.

ಪಿಎಂಇಜಿಪಿ ಎಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಹಳೆಯ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ಮತ್ತು ಗ್ರಾಮೀಣ ಉದ್ಯೋಗ ಸೃಜನ ಕಾರ್ಯಕ್ರಮ ಎರಡನ್ನೂ ಸೇರಿಸಿ 2008ರಲ್ಲಿ ಕೇಂದ್ರ ಸರ್ಕಾರ ಇದನ್ನು ತಂದಿತು. ದುಡ್ಡು ಕೇಂದ್ರದ್ದು. ದೇಶಮಟ್ಟದಲ್ಲಿ ನಡೆಸುವುದು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ. ನಮ್ಮ ರಾಜ್ಯದಲ್ಲಿ ಅರ್ಜಿ ನೋಡುವವರು ಆಯೋಗದ ರಾಜ್ಯ ಕಚೇರಿ, ಕರ್ನಾಟಕ ರಾಜ್ಯ ಖಾದಿ ಮತ್ತು ಗ್ರಾಮೋದ್ಯೋಗ ಮಂಡಳಿ ಹಾಗೂ ಜಿಲ್ಲಾ ಕೈಗಾರಿಕಾ ಕೇಂದ್ರ. ತೆಂಗಿನ ನಾರಿನ ಘಟಕವಾದರೆ ಕಾಯರ್ ಬೋರ್ಡ್. ಕೆಳಗಿನ ಲೆಕ್ಕಗಳೆಲ್ಲ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯವು. ಆ ಮಂಜೂರಾತಿ 2021-22ರಿಂದ 2025-26ರವರೆಗಿನ ಅವಧಿಗೆ ಆದದ್ದು. ಹಾಗಾಗಿ ಅರ್ಜಿ ಹಾಕುವ ದಿನ ಖಾದಿ ಆಯೋಗದ ಪೋರ್ಟಲ್‌ನಲ್ಲಿರುವ ಮಾರ್ಗಸೂಚಿಯ ಮೇಲೊಮ್ಮೆ ಕಣ್ಣಾಡಿಸಿ.

ಮೊದಲು ವ್ಯಕ್ತಿ: ನೀವು

ಈ ಭಾಗ ಸುಲಭ. ವಯಸ್ಸು 18 ದಾಟಿರಬೇಕು. ಆದಾಯದ ಮಿತಿ ಇಲ್ಲ. ಬಿಪಿಎಲ್ ಕಾರ್ಡ್ ಬೇಕೇ ಎಂದು ಕೇಳುವವರು ಬಹಳ ಮಂದಿ, ಬೇಕಿಲ್ಲ. ನಿರುದ್ಯೋಗಿ ಎಂಬ ಪ್ರಮಾಣಪತ್ರವೂ ಬೇಕಿಲ್ಲ.

ಓದಿನ ಷರತ್ತು ಇದೆ, ಆದರೆ ಎಲ್ಲರಿಗೂ ಅಲ್ಲ. ತಯಾರಿಕಾ ಘಟಕದ ವೆಚ್ಚ 10 ಲಕ್ಷ ರೂಪಾಯಿ ದಾಟಿದರೆ, ಸೇವಾ ಘಟಕದ್ದು 5 ಲಕ್ಷ ದಾಟಿದರೆ, ಅರ್ಜಿದಾರರು ಎಂಟನೇ ತರಗತಿ ಪಾಸಾಗಿರಬೇಕು. ಅದರೊಳಗಿದ್ದರೆ ಓದು ಕೇಳುವುದಿಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟ, ಆದರೆ ವೆಲ್ಡಿಂಗ್‌ನಲ್ಲಿ ಇಪ್ಪತ್ತು ವರ್ಷ ಕೈ ಪಳಗಿದವರು 12 ಲಕ್ಷದ ಪ್ರಾಜೆಕ್ಟ್ ಬರೆಸಿಕೊಂಡು ಹೋಗಿ ವಾಪಸ್ ಬಂದದ್ದನ್ನು ನೋಡಿದ್ದೇನೆ. ಅವರಿಗೆ ಬೇಕಿದ್ದ ಯಂತ್ರಗಳು ಒಂಬತ್ತೂವರೆ ಲಕ್ಷದಲ್ಲೇ ಬರುತ್ತಿದ್ದವು. ಯಾರೋ "ಜಾಸ್ತಿ ಬರೆಸಿದರೆ ಜಾಸ್ತಿ ಸಬ್ಸಿಡಿ" ಅಂದಿದ್ದರಂತೆ.

ಮೂರನೆಯದು ಕುಟುಂಬ. ಒಂದು ಕುಟುಂಬಕ್ಕೆ ಒಂದೇ ಸಹಾಯಧನ. ಇಲ್ಲಿ ಕುಟುಂಬ ಎಂದರೆ ಗಂಡ ಮತ್ತು ಹೆಂಡತಿ. ರೇಷನ್ ಕಾರ್ಡಿನಲ್ಲಿ ಹೆಸರಿರುವ ಎಲ್ಲರೂ ಎಂದು ಭಾವಿಸಿ ಎಷ್ಟೋ ಮಂದಿ ಕೈಬಿಡುತ್ತಾರೆ. ಅಣ್ಣ ತೆಗೆದುಕೊಂಡಿದ್ದಾನೆಂದು ತಮ್ಮನಿಗೆ ಅಡ್ಡಿಯಿಲ್ಲ, ಅಪ್ಪ ತೆಗೆದುಕೊಂಡಿದ್ದಾರೆಂದು ಮಗಳಿಗೆ ಅಡ್ಡಿಯಿಲ್ಲ. ಆದರೆ ಗಂಡ ಈಗಾಗಲೇ ಪಡೆದಿದ್ದರೆ ಹೆಂಡತಿಯ ಹೆಸರಿನಲ್ಲಿ ಹಾಕುವಂತಿಲ್ಲ. ಆಧಾರ್ ಸಂಖ್ಯೆಯಿಂದಲೇ ನೋಂದಣಿಯಾಗುವುದರಿಂದ ಇದನ್ನು ಮುಚ್ಚಿಟ್ಟು ದಾಟುವ ಕಾಲ ಮುಗಿದಿದೆ.

ಎರಡನೆಯದು: ಘಟಕ ಹೊಸದೇ?

ಅರ್ಜಿಗಳು ಹೆಚ್ಚಾಗಿ ಎಡವುವ ಜಾಗ ಇದು. ಸಹಾಯಧನ ಹೊಸ ಘಟಕಕ್ಕೆ ಮಾತ್ರ. ಈಗಾಗಲೇ ನಡೆಯುತ್ತಿರುವ ಘಟಕಕ್ಕೆ, ಕೇಂದ್ರದ್ದಿರಲಿ ರಾಜ್ಯದ್ದಿರಲಿ ಬೇರೊಂದು ಯೋಜನೆಯಲ್ಲಿ ಸಬ್ಸಿಡಿ ಪಡೆದ ಘಟಕಕ್ಕೆ ಇಲ್ಲ.

"ಹೊಸದು" ಎಂಬುದನ್ನು ನಿಮ್ಮ ಬಾಯಿಮಾತಿನಿಂದ ಯಾರೂ ನಿರ್ಧರಿಸುವುದಿಲ್ಲ, ಕಾಗದದ ಮೇಲಿನ ತಾರೀಖುಗಳು ಹೇಳುತ್ತವೆ. ಉದ್ಯಮ್ ನೋಂದಣಿಯಲ್ಲಿ, ಅಂದರೆ ಸಣ್ಣ ಉದ್ದಿಮೆಗಳು ಕೇಂದ್ರ ಸರ್ಕಾರದಲ್ಲಿ ಮಾಡಿಸುವ ನೋಂದಣಿಯಲ್ಲಿ, "ಉತ್ಪಾದನೆ ಆರಂಭವಾದ ದಿನ" ಎಂಬ ಕಾಲಂ ಇದೆ. ಎಷ್ಟೋ ಜನ ಯಾರದೋ ಮಾತು ಕೇಳಿ ಉದ್ಯಮ್ ಮಾಡಿಸುವಾಗ ಅಲ್ಲಿ ಎರಡು ವರ್ಷ ಹಿಂದಿನ ತಾರೀಖು ಹಾಕಿಸಿರುತ್ತಾರೆ, ಹಳೆಯ ಸಂಸ್ಥೆ ಎಂದರೆ ಬ್ಯಾಂಕಿನವರಿಗೆ ನಂಬಿಕೆ ಬರುತ್ತದೆಂದು. ಆ ಒಂದು ತಾರೀಖು ಸಾಕು, ನಿಮ್ಮ ಘಟಕ ಹಳೆಯದೆಂದು ನೀವೇ ಬರೆದುಕೊಟ್ಟಂತೆ. ಜಿಎಸ್‌ಟಿ ನೋಂದಣಿ, ಪಂಚಾಯಿತಿ ಪರವಾನಗಿ, ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ ವ್ಯಾಪಾರದ ಆದಾಯ, ಚಾಲ್ತಿ ಖಾತೆಯ ವಹಿವಾಟು ಎಲ್ಲವೂ ಇದೇ ರೀತಿ ಸಾಕ್ಷಿ ನುಡಿಯುತ್ತವೆ. ಅರ್ಜಿಗೆ ಮೊದಲು ಇವೆಲ್ಲದರ ತಾರೀಖು ಒಂದು ಹಾಳೆಯಲ್ಲಿ ಬರೆದು ನೋಡಿ.

ಹಾಗೆಂದು ಅದೇ ಕೆಲಸ ಗೊತ್ತಿರಬಾರದು ಎಂದಲ್ಲ. ಬೇರೆಯವರ ಗಾರ್ಮೆಂಟ್‌ನಲ್ಲಿ ಹೊಲಿದವರು ಸ್ವಂತ ಘಟಕ ಹಾಕಿದರೆ ಅದು ಹೊಸದೇ. ಅನುಭವ ಇದ್ದಷ್ಟೂ ಬ್ಯಾಂಕ್ ಮ್ಯಾನೇಜರ್‌ಗೆ ಧೈರ್ಯ.

ಇನ್ನೊಂದು ತಪ್ಪು ಆತುರದ್ದು. ಸಾಲ ಹೇಗೂ ಬರುತ್ತದೆಂದು ಮೊದಲೇ ಕೈಸಾಲ ಮಾಡಿ ಯಂತ್ರ ತಂದು ಕೂರಿಸುವುದು. ಮಂಜೂರಾತಿಗೆ ಮೊದಲು ಕೊಂಡ ಯಂತ್ರದ ಬಿಲ್ಲಿಗೆ ಬ್ಯಾಂಕಿನಿಂದ ದುಡ್ಡು ಬಿಡಿಸುವುದು ಕಷ್ಟ, ಘಟಕ ಹೊಸದೆಂದು ಹೇಳುವುದು ಇನ್ನೂ ಕಷ್ಟ. ಕೊಟೇಶನ್ ತನ್ನಿ, ಬಿಲ್ಲು ಬೇಡ.

ಮೂರನೆಯದು: ಕಸುಬು ಪಟ್ಟಿಯ ಒಳಗಿದೆಯೇ?

ತಯಾರಿಕೆ ಮತ್ತು ಸೇವೆ, ಎರಡಕ್ಕೂ ಬಾಗಿಲು ತೆರೆದಿದೆ. ಹಾಳೆ ತಟ್ಟೆ, ಗಾಣದ ಎಣ್ಣೆ, ಜೋಳದ ರೊಟ್ಟಿ, ಸಿಮೆಂಟ್ ಇಟ್ಟಿಗೆ, ಬಡಗಿ ಕೆಲಸ, ಬೇಕರಿ, ಬ್ಯೂಟಿ ಪಾರ್ಲರ್, ಬೈಕ್ ರಿಪೇರಿ, ಡಿಜಿಟಲ್ ಪ್ರಿಂಟಿಂಗ್ ಹೀಗೆ ಪಟ್ಟಿ ಉದ್ದ. ಆದ್ದರಿಂದ ಯಾವುದು ಸಲ್ಲದು ಎಂಬುದನ್ನು ತಿಳಿದುಕೊಳ್ಳುವುದೇ ಹತ್ತಿರದ ದಾರಿ.

ಮಾಂಸ ಸಂಸ್ಕರಣೆ ಸಲ್ಲದು. ಬೀಡಿ, ಸಿಗರೇಟು, ಪಾನ್ ಮೊದಲಾದ ಅಮಲಿನ ವಸ್ತುಗಳು ಸಲ್ಲವು. ಕರಾವಳಿಯಲ್ಲಿ ಬೀಡಿ ಕಟ್ಟುವುದು ಮನೆಮನೆಯ ಕಸುಬಾದರೂ ಈ ಯೋಜನೆಗೆ ಅದು ಹೊರಗೇ. ಮದ್ಯ ಮಾರುವ, ಬಡಿಸುವ ಹೋಟೆಲು, ಡಾಬಾ ಸಲ್ಲದು. ಮದ್ಯ ಇಲ್ಲದ ಮಾಂಸಾಹಾರಿ ಹೋಟೆಲಿಗೆ ಅಡ್ಡಿಯಿಲ್ಲ. ಇದು ಹಿಂದೆ ಇರಲಿಲ್ಲ, ಆಮೇಲೆ ಬಂದ ಸಡಿಲಿಕೆ. ಹಾಗಾಗಿ "ಮಿಲಿಟರಿ ಹೋಟೆಲಿಗೆ ಆಗಲ್ಲ" ಎಂದು ಹಳೆಯ ನಿಯಮ ಹೇಳುವವರು ಇನ್ನೂ ಸಿಗುತ್ತಾರೆ. ತೆಳು ಪ್ಲಾಸ್ಟಿಕ್ ಕೈಚೀಲದ ಘಟಕವೂ ಸಲ್ಲದು. ಕರ್ನಾಟಕದಲ್ಲಂತೂ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೇ ನಿಷೇಧ ಇದೆ.

ಬೇಸಾಯದ ವಿಷಯದಲ್ಲಿ ಒಂದು ಗೆರೆ ಇದೆ. ಬೆಳೆಯುವುದಕ್ಕೆ ಇಲ್ಲ, ಬೆಳೆದದ್ದನ್ನು ಮುಂದಿನ ರೂಪಕ್ಕೆ ತರುವುದಕ್ಕೆ ಇದೆ. ಕಾಫಿ ತೋಟಕ್ಕೆ ಇಲ್ಲ, ಕಾಫಿ ಬೀಜ ಹುರಿದು ಪುಡಿ ಮಾಡುವ ಘಟಕಕ್ಕೆ ಇದೆ. ಹಿಪ್ಪುನೇರಳೆ ತೋಟಕ್ಕೆ ಇಲ್ಲ, ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್‌ಗೆ ಇದೆ. ಮಾವಿನ ತೋಪಿಗೆ ಇಲ್ಲ, ಉಪ್ಪಿನಕಾಯಿಗೆ ಇದೆ.

ಈಗ ಕಿರಾಣಿಗೆ ಬರೋಣ. ಕೊಂಡು ತಂದು ಮಾರುವ ಬರೀ ವ್ಯಾಪಾರಕ್ಕೆ ಈಶಾನ್ಯ ರಾಜ್ಯಗಳಂಥ ಕೆಲವು ಪ್ರದೇಶಗಳಲ್ಲಿ ಅವಕಾಶವಿದೆ. ನಮ್ಮಂಥ ಕಡೆ ಎರಡೇ ಕಿಂಡಿ. ಒಂದು, ಖಾದಿ, ಗ್ರಾಮೋದ್ಯೋಗ ಮತ್ತು ಪಿಎಂಇಜಿಪಿ ಘಟಕಗಳ ಉತ್ಪನ್ನ ಮಾರುವ ಮಳಿಗೆ. ಎರಡು, ತಯಾರಿಕೆ ಅಥವಾ ಸೇವೆಯ ಬೆನ್ನಿಗೆ ನಿಂತ ಮಾರಾಟ ಮಳಿಗೆ. ಗಿರಣಿಯ ಜತೆ ಹಿಟ್ಟಿನ ಅಂಗಡಿ, ಹೊಲಿಗೆಯ ಜತೆ ಬಟ್ಟೆ ಅಂಗಡಿ, ಒಲೆಯ ಜತೆ ಬೇಕರಿ ಕೌಂಟರ್. ಇಲ್ಲಿ ಯಂತ್ರ ನೆಪಕ್ಕೆ ಇರಬಾರದು. 40 ಸಾವಿರದ ಗಿರಣಿ ತೋರಿಸಿ 8 ಲಕ್ಷದ ದಿನಸಿ ದಾಸ್ತಾನಿಗೆ ಸಾಲ ಕೇಳಿದರೆ ಯಾವ ಮ್ಯಾನೇಜರ್ ಆದರೂ ನಗುತ್ತಾರೆ.

ಯಂತ್ರೋಪಕರಣ, ಶೆಡ್ಡಿನಂಥ ಬಂಡವಾಳ ವೆಚ್ಚವೇ ಇಲ್ಲದೆ ಬರೀ ದುಡಿಯುವ ಬಂಡವಾಳಕ್ಕೆ, ಅಂದರೆ ಕಚ್ಚಾವಸ್ತು, ಕೂಲಿಯಂಥ ದಿನದ ಖರ್ಚಿನ ದುಡ್ಡಿಗೆ, ಸಾಲ ಕೇಳುವ ಪ್ರಾಜೆಕ್ಟ್ ಕೂಡ ಅನರ್ಹ.

ನಾಲ್ಕನೆಯದು: ಜಾಗ ಹಳ್ಳಿಯೋ ಪಟ್ಟಣವೋ, ನೀವು ಯಾವ ವರ್ಗವೋ

ಇವೆರಡೂ ಅರ್ಹತೆಯನ್ನು ತಡೆಯುವುದಿಲ್ಲ, ಸಹಾಯಧನದ ಪ್ರಮಾಣವನ್ನು ನಿರ್ಧರಿಸುತ್ತವೆ.

ಸಾಮಾನ್ಯ ವರ್ಗದವರಿಗೆ ಪಟ್ಟಣದಲ್ಲಿ ಪ್ರಾಜೆಕ್ಟ್ ವೆಚ್ಚದ ಶೇ. 15, ಹಳ್ಳಿಯಲ್ಲಿ ಶೇ. 25. ಅವರು ಕೈಯಿಂದ ಹಾಕಬೇಕಾದದ್ದು ಶೇ. 10. ವಿಶೇಷ ವರ್ಗದವರಿಗೆ ಪಟ್ಟಣದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35; ಕೈಯಿಂದ ಶೇ. 5 ಸಾಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು, ಮಾಜಿ ಸೈನಿಕರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು ವಿಶೇಷ ವರ್ಗದಲ್ಲಿ ಬರುತ್ತಾರೆ. ಮಹತ್ವಾಕಾಂಕ್ಷಿ ಜಿಲ್ಲೆಗಳ, ಅಂದರೆ ಹಿಂದುಳಿದಿವೆಯೆಂದು ಕೇಂದ್ರ ಗುರುತಿಸಿದ ಜಿಲ್ಲೆಗಳ ಅರ್ಜಿದಾರರೂ ಇದರಲ್ಲೇ ಸೇರುತ್ತಾರೆ. ಕರ್ನಾಟಕದಲ್ಲಿ ಅಂಥವು ರಾಯಚೂರು ಮತ್ತು ಯಾದಗಿರಿ. ಈ ಎರಡು ಜಿಲ್ಲೆಯಲ್ಲಿ ಘಟಕ ಹಾಕುವ ಸಾಮಾನ್ಯ ವರ್ಗದ ಗಂಡಸರು ತಮಗೂ ಮೇಲಿನ ದರ ಸಿಗುತ್ತದೆಂದು ತಿಳಿಯದೆ ಶೇ. 25ಕ್ಕೇ ಅರ್ಜಿ ಹಾಕಿದ್ದುಂಟು.

ಮಹಿಳೆಗೆ ಜಾತಿ ಯಾವುದಾದರೂ ವಿಶೇಷ ವರ್ಗವೇ. ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕಿ ನಡೆಸುವುದು ತಾವೇ ಎಂಬ ಗಂಡಸರ ಲೆಕ್ಕಾಚಾರ ಇಲ್ಲಿ ಶುರುವಾಗುತ್ತದೆ. ಬ್ಯಾಂಕಿನವರು ಮಾತಿಗೆ ಕೂರಿಸುವುದು ಆಕೆಯನ್ನೇ. ಕಚ್ಚಾವಸ್ತು ಎಲ್ಲಿಂದ, ಒಂದು ತಟ್ಟೆಗೆ ಎಷ್ಟು ಬೀಳುತ್ತದೆ, ಯಾರು ಕೊಳ್ಳುತ್ತಾರೆ ಎಂದು ಕೇಳಿದಾಗ ಆಕೆ ಗಂಡನ ಮುಖ ನೋಡಿದರೆ ಆ ಕಡತ ಅಲ್ಲಿಗೇ ನಿಂತಿತು. ಆಕೆಯೇ ನಡೆಸುವುದಾದರೆ ಮಾತ್ರ ಆಕೆಯ ಹೆಸರಿರಲಿ.

ಹಳ್ಳಿಯೋ ಪಟ್ಟಣವೋ ಎಂಬುದಕ್ಕೆ ಈಗ ಜನಸಂಖ್ಯೆಯ ಗೊಂದಲವಿಲ್ಲ. ಪಂಚಾಯತ್ ರಾಜ್ ವ್ಯವಸ್ಥೆಯ ಕೆಳಗಿರುವುದು ಗ್ರಾಮೀಣ, ನಗರ ಸ್ಥಳೀಯ ಸಂಸ್ಥೆಯ ಕೆಳಗಿರುವುದು ನಗರ. ನಮ್ಮಲ್ಲಿ ಒಂದು ಹೆಸರು ಮಾತ್ರ ಜನರನ್ನು ದಾರಿ ತಪ್ಪಿಸುತ್ತದೆ: ಪಟ್ಟಣ ಪಂಚಾಯಿತಿ. ಹೆಸರಲ್ಲಿ ಪಂಚಾಯಿತಿ ಇದ್ದರೂ ಅದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಕೆಳಗೆ ಬರುವ ನಗರ ಸಂಸ್ಥೆ, ಗ್ರಾಮ ಪಂಚಾಯಿತಿಯಲ್ಲ. ನಿಮ್ಮೂರು ಈಚೆಗೆ ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಗೆ ಬಡ್ತಿ ಪಡೆದಿದ್ದರೆ ಸಹಾಯಧನ ಶೇ. 10ರಷ್ಟು ಇಳಿಯಿತೆಂದೇ ಲೆಕ್ಕ. ನೋಡುವುದು ಘಟಕ ಇರುವ ಜಾಗವನ್ನು, ನಿಮ್ಮ ಮನೆಯನ್ನಲ್ಲ. ಪಟ್ಟಣದಲ್ಲಿ ಮನೆ ಮಾಡಿಕೊಂಡಿರುವವರು ಪಕ್ಕದ ಗ್ರಾಮ ಪಂಚಾಯಿತಿ ಸರಹದ್ದಿನಲ್ಲಿ ಶೆಡ್ ಹಾಕಿದರೆ ಗ್ರಾಮೀಣ ದರ ಸಿಗುತ್ತದೆ. ಗ್ರಾಮೀಣ ಪ್ರದೇಶದ ದೃಢೀಕರಣವನ್ನು ಪಿಡಿಒ ಅವರಿಂದ ಪಡೆಯಬೇಕು.

ಈಗ ದುಡ್ಡಿನ ಲೆಕ್ಕ

ಸಹಾಯಧನಕ್ಕೆ ಪರಿಗಣಿಸುವ ಗರಿಷ್ಠ ಪ್ರಾಜೆಕ್ಟ್ ವೆಚ್ಚ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ. 2022ಕ್ಕೆ ಮೊದಲು ಇದು 25 ಮತ್ತು 10 ಲಕ್ಷ ಇತ್ತು. ವೆಚ್ಚ ಅದಕ್ಕಿಂತ ಹೆಚ್ಚಾದರೆ ಹೆಚ್ಚಿನ ಭಾಗಕ್ಕೆ ಬ್ಯಾಂಕ್ ಸಾಲ ಕೊಡಬಹುದು, ಸಹಾಯಧನ ಮಾತ್ರ ಇಲ್ಲ.

ಜಮೀನಿನ ಬೆಲೆಯನ್ನು ಪ್ರಾಜೆಕ್ಟ್ ವೆಚ್ಚಕ್ಕೆ ಸೇರಿಸುವಂತಿಲ್ಲ. ಶೆಡ್ ಕಟ್ಟುವ ವೆಚ್ಚ ಸೇರಿಸಬಹುದು. ಬಾಡಿಗೆ ಅಥವಾ ಭೋಗ್ಯದ ಕಟ್ಟಡವಾದರೆ ಮೂರು ವರ್ಷದವರೆಗಿನ ಬಾಡಿಗೆ ಸೇರಿಸಬಹುದು.

ಉದಾಹರಣೆಗೆ ಹಳ್ಳಿಯಲ್ಲಿ ಒಬ್ಬ ಮಹಿಳೆ 10 ಲಕ್ಷದ ಹಾಳೆ ತಟ್ಟೆ ಘಟಕ ಹಾಕುತ್ತಾರೆ ಎನ್ನಿ. ಅವರ ಕೈಯಿಂದ 50 ಸಾವಿರ. ಬ್ಯಾಂಕ್ ಮಂಜೂರು ಮಾಡುವುದು 9.5 ಲಕ್ಷ. ಸಹಾಯಧನ 3.5 ಲಕ್ಷ. ಅದನ್ನು ಕಳೆದರೆ ಬಡ್ಡಿ ಬೀಳುವ ಸಾಲ 6 ಲಕ್ಷ. ಇದೇ ಯಂತ್ರಗಳನ್ನು ಸಾಮಾನ್ಯ ವರ್ಗದ ಗಂಡಸೊಬ್ಬರು ಪುರಸಭೆ ವ್ಯಾಪ್ತಿಯಲ್ಲಿ ಹಾಕಿದರೆ ಕೈಯಿಂದ 1 ಲಕ್ಷ, ಬ್ಯಾಂಕಿನಿಂದ 9 ಲಕ್ಷ, ಸಹಾಯಧನ 1.5 ಲಕ್ಷ, ಬಡ್ಡಿ ಬೀಳುವ ಸಾಲ 7.5 ಲಕ್ಷ.

"ಬಡ್ಡಿ ಬೀಳುವ ಸಾಲ" ಎಂದೆನಲ್ಲ, ಅದಕ್ಕೆ ಕಾರಣ ಇದೆ. ಸಹಾಯಧನ ನಿಮ್ಮ ಕೈಗೂ ಬರುವುದಿಲ್ಲ, ನಿಮ್ಮ ಉಳಿತಾಯ ಖಾತೆಗೂ ಬರುವುದಿಲ್ಲ. ಇದಕ್ಕೆ ಕಡತದಲ್ಲಿ ಮಾರ್ಜಿನ್ ಮನಿ ಎನ್ನುತ್ತಾರೆ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಇಲ್ಲ. ಮೂರು ವರ್ಷದ ನಂತರ, ಘಟಕ ನಡೆಯುತ್ತಿದೆ ಎಂದು ಸ್ಥಳಕ್ಕೆ ಬಂದು ಪರಿಶೀಲಿಸಿದ ಮೇಲೆ, ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿ ಬಂದ ತಕ್ಷಣ ಮನೆಗೆ ತಾರಸಿ ಹಾಕಿಸುತ್ತೇನೆಂದು ಹೊರಟವರಿಗೆ ಈ ಯೋಜನೆ ಅಲ್ಲ.

ಇಲ್ಲಿ ಹೊಂದದಿದ್ದರೆ

ಈಗಾಗಲೇ ನಡೆಯುತ್ತಿರುವ ಆಹಾರ ಸಂಸ್ಕರಣೆಯ ಕಿರು ಘಟಕ ನಿಮ್ಮದಾದರೆ ಪಿಎಂಇಜಿಪಿಯ ಬಾಗಿಲು ತಟ್ಟಬೇಡಿ. 2020ರಲ್ಲಿ ಬಂದ ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ ನಿಮಗಾಗಿಯೇ ಇದೆ. ಅದರಲ್ಲಿ ಹಳೆಯ ಘಟಕದ ವಿಸ್ತರಣೆಗೂ ಅವಕಾಶ. ಕೇಂದ್ರದ ಶೇ. 35ಕ್ಕೆ ಕರ್ನಾಟಕ ಸರ್ಕಾರ ತನ್ನ ಶೇ. 15 ಸೇರಿಸಿರುವುದರಿಂದ ನಮ್ಮಲ್ಲಿ ಶೇ. 50, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ. ರಾಜ್ಯದಲ್ಲಿ ಇದನ್ನು ನಡೆಸುವುದು ಕೆಪೆಕ್, ಅಂದರೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ರಾಜ್ಯ ನಿಗಮ. ಮಂಡ್ಯಕ್ಕೆ ಬೆಲ್ಲ, ತುಮಕೂರಿಗೆ ತೆಂಗು, ಕೊಡಗಿಗೆ ಕಾಫಿ, ವಿಜಯಪುರಕ್ಕೆ ನಿಂಬೆ ಎಂದು ಜಿಲ್ಲೆಗೊಂದು ಉತ್ಪನ್ನ ಗೊತ್ತುಮಾಡಿದ್ದಾರೆ. ಅರ್ಜಿ ತುಂಬಿ ಬ್ಯಾಂಕಿನವರೆಗೆ ಜತೆಗೆ ಬರಲು ಪ್ರತಿ ಜಿಲ್ಲೆಯಲ್ಲೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರಿಗೆ ಸಂಭಾವನೆ ಯೋಜನೆಯಿಂದಲೇ ಸಲ್ಲುತ್ತದೆ, ನೀವು ಕೊಡಬೇಕಿಲ್ಲ. ಕಾಗದಪತ್ರಕ್ಕೆ ಹೆದರುವವರಿಗೆ ಪಿಎಂಇಜಿಪಿಗಿಂತ ಇದೇ ಸಲೀಸು ಎಂದು ನನ್ನ ಅಭಿಪ್ರಾಯ.

ಬೇಕಿರುವುದು ಲಕ್ಷ, ಎರಡು ಲಕ್ಷ ಅಷ್ಟೇ, ಮಾಡಬೇಕೆಂದಿರುವುದು ಸಣ್ಣ ವ್ಯಾಪಾರ ಎನ್ನುವ ಮಹಿಳೆಯರು ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ನೋಡಬಹುದು. ವಯಸ್ಸು 18ರಿಂದ 55. ಸಾಲ 3 ಲಕ್ಷದವರೆಗೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸಾಲದ ಅರ್ಧ ಸಹಾಯಧನ, ಇತರರಿಗೆ ಶೇ. 30, ಗರಿಷ್ಠ 90 ಸಾವಿರ. ಪಿಎಂಇಜಿಪಿಯಲ್ಲಿಲ್ಲದ ಆದಾಯ ಮಿತಿ ಇಲ್ಲಿದೆ: ಪರಿಶಿಷ್ಟರಿಗೆ ಕುಟುಂಬದ ವಾರ್ಷಿಕ ಆದಾಯ 2 ಲಕ್ಷದೊಳಗೆ, ಸಾಮಾನ್ಯ ವರ್ಗಕ್ಕೆ ಒಂದೂವರೆ ಲಕ್ಷದೊಳಗೆ.

ಒಂದೇ ಘಟಕಕ್ಕೆ ಎರಡು ಕಡೆ ಸಬ್ಸಿಡಿ ಇಲ್ಲ. ಎಲ್ಲಿಗೆ ಹೋಗುವುದೆಂದು ಮೊದಲೇ ತೀರ್ಮಾನಿಸಿ.

ಯೋಜನೆಯ ಅರ್ಹತೆ ಬೇರೆ, ಬ್ಯಾಂಕಿನ ಅರ್ಹತೆ ಬೇರೆ

ಮೇಲಿನ ನಾಲ್ಕೂ ದಾಟಿದ ಮೇಲೂ ಸಾಲ ಕೊಡುವುದು ಬ್ಯಾಂಕ್. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕಾರ್ಯಪಡೆ ಸಮಿತಿ ಸಂದರ್ಶನ ಮಾಡಿ ಶಿಫಾರಸು ಮಾಡುತ್ತಿದ್ದ ಪದ್ಧತಿ 2020ರಲ್ಲೇ ಹೋಯಿತು. ಈಗ ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರದಂಥ ಸಂಸ್ಥೆ ಅರ್ಜಿ ಪರಿಶೀಲಿಸಿ ನೇರವಾಗಿ ಬ್ಯಾಂಕಿಗೆ ಕಳಿಸುತ್ತದೆ. ಅಲ್ಲಿ ಮೊದಲು ನೋಡುವುದು ಸಿಬಿಲ್, ಅಂದರೆ ನಿಮ್ಮ ಹಿಂದಿನ ಸಾಲಗಳ ಚರಿತ್ರೆಯ ವರದಿ. ಮೊಬೈಲಿಗೆ ಕಂತಿನಲ್ಲಿ ತೆಗೆದ ಸಾಲ ಬಾಕಿ, ಯಾರಿಗೋ ಹಾಕಿದ ಜಾಮೀನು, ಒಟಿಎಸ್‌ನಲ್ಲಿ, ಅಂದರೆ ಒಂದೇ ಸಲಕ್ಕೆ ರಾಜಿ ಮಾಡಿಕೊಂಡು ಮುಗಿಸಿದ ಹಳೆಯ ಸಾಲ ಎಲ್ಲವೂ ಅಲ್ಲಿ ಕಾಣುತ್ತವೆ. ವರದಿಯನ್ನು ಮೊದಲೇ ತೆಗೆಸಿ, ಬಾಕಿ ಇದ್ದರೆ ತೀರಿಸಿ, ತೀರಿಸಿದ್ದು ದಾಖಲೆಗೆ ಬರುವ ತನಕ ಕಾದು ಆಮೇಲೆ ಅರ್ಜಿ ಹಾಕಿ.

10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದಕ್ಕಿಂತ ಮೇಲಿನದಕ್ಕೆ ಸಿಜಿಟಿಎಂಎಸ್‌ಇ, ಅಂದರೆ ಅಡಮಾನವಿಲ್ಲದ ಸಣ್ಣ ಉದ್ದಿಮೆ ಸಾಲಗಳಿಗೆ ಬ್ಯಾಂಕಿಗೆ ಖಾತರಿ ನಿಲ್ಲುವ ನಿಧಿಯ ಮೂಲಕ ಕೊಡಲು ದಾರಿ ಇದೆ. "ಹೊಲದ ಪತ್ರ ತನ್ನಿ" ಎಂದರೆ ಜಗಳ ಬೇಡ. ಸಿಜಿಟಿಎಂಎಸ್‌ಇಗೆ ಹಾಕಬಹುದಲ್ಲವೇ ಸಾರ್ ಎಂದು ಮೆಲ್ಲಗೆ ಕೇಳಿ. ಗೊತ್ತಿದ್ದು ಕೇಳುವವರ ಜತೆ ಮಾತಿನ ಧಾಟಿಯೇ ಬದಲಾಗುತ್ತದೆ.

ನನ್ನ ಸಲಹೆ: ಅರ್ಜಿ ತುಂಬುವ ಮೊದಲೇ ನಿಮ್ಮ ಘಟಕದ ಜಾಗಕ್ಕೆ ಹತ್ತಿರದ ಶಾಖೆಗೆ ಹೋಗಿ ಮ್ಯಾನೇಜರನ್ನು ಕಂಡು ಬನ್ನಿ. ಅರ್ಜಿಯಲ್ಲಿ ಶಾಖೆಯ ಹೆಸರು ನೀವೇ ಆರಿಸಬೇಕು. ದೂರದ ಶಾಖೆ ಆರಿಸಿದರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ವಾಪಸ್ ಬರುತ್ತದೆ.

ಅರ್ಜಿ

ಖಾದಿ ಆಯೋಗದ ಪಿಎಂಇಜಿಪಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬೇಕು. ಶುಲ್ಕ ಇಲ್ಲ. ಈ ಯೋಜನೆಗೆ ಯಾವ ಏಜೆಂಟರನ್ನೂ ನೇಮಿಸಿಲ್ಲ. ನನ್ನಂಥವರು ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದಕ್ಕೆ ಕೂಲಿ ತೆಗೆದುಕೊಳ್ಳಬಹುದೇ ಹೊರತು ಮಂಜೂರು ಮಾಡಿಸುವುದಕ್ಕಲ್ಲ. ಸಬ್ಸಿಡಿಯಲ್ಲಿ ಇಷ್ಟು ಪರ್ಸೆಂಟ್ ಎಂದು ಮಾತಾಡುವವರು ಎದುರಾದರೆ ಎದ್ದು ಬನ್ನಿ.

ಕೈಯಲ್ಲಿರಬೇಕಾದವು: ಆಧಾರ್, ಪ್ಯಾನ್, ಫೋಟೋ, ಓದಿನ ದಾಖಲೆ ಬೇಕಾದ ವೆಚ್ಚವಾದರೆ ಎಂಟನೇ ತರಗತಿ ಪಾಸಾದ ದಾಖಲೆ, ವಿಶೇಷ ವರ್ಗಕ್ಕೆ ನಾಡಕಚೇರಿಯ ಜಾತಿ ಪ್ರಮಾಣಪತ್ರ ಅಥವಾ ಅದಕ್ಕೆ ತಕ್ಕ ದಾಖಲೆ, ಪಿಡಿಒ ಕೊಟ್ಟ ದೃಢೀಕರಣ, ಪ್ರಾಜೆಕ್ಟ್ ರಿಪೋರ್ಟ್. ಜಾಗದ ಪತ್ರ ಅಥವಾ ಬಾಡಿಗೆ ಕರಾರು, ಯಂತ್ರಗಳ ಕೊಟೇಶನ್ ಬ್ಯಾಂಕಿಗೆ ಬೇಕಾಗುತ್ತವೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ಮುಂದೆ, ಅಂಕಪಟ್ಟಿಯಲ್ಲಿ ಅಪ್ಪನ ಪೂರ್ತಿ ಹೆಸರು ಹೀಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಪ್ರಾಜೆಕ್ಟ್ ರಿಪೋರ್ಟ್ ವಿಷಯದಲ್ಲಿ ಒಂದೇ ಮಾತು. ಅಂತರ್ಜಾಲದಲ್ಲಿ ಸಿಗುವ ಮಾದರಿಯಲ್ಲಿ ಹೆಸರು ಬದಲಿಸಿ ತರಬೇಡಿ. ಮೂರು ಫೇಸ್ ಕರೆಂಟ್ ಇಲ್ಲದ ಊರಿನ ಘಟಕಕ್ಕೆ ದಿನಕ್ಕೆ ಎಂಟು ಗಂಟೆ ಮೂರು ಫೇಸ್ ಯಂತ್ರ ಓಡಿಸುವ ಲೆಕ್ಕ ನೋಡಿದ್ದೇನೆ.

ಬ್ಯಾಂಕ್ ಮಂಜೂರು ಮಾಡಿದ ಮೇಲೆ ನಿಮ್ಮ ಪಾಲಿನ ಶೇ. 5 ಅಥವಾ 10 ಕಟ್ಟಬೇಕು, ಉದ್ಯಮಶೀಲತಾ ತರಬೇತಿ ಮುಗಿಸಬೇಕು. ವೆಚ್ಚ 2 ಲಕ್ಷದವರೆಗಿದ್ದರೆ ತರಬೇತಿ ಕಡ್ಡಾಯವಲ್ಲ, 5 ಲಕ್ಷದವರೆಗೆ 5 ದಿನ, ಅದಕ್ಕೂ ಮೇಲೆ 10 ದಿನ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ, ಅದರ ಮಾದರಿಯಲ್ಲೇ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ತೆರೆದ ಆರ್‌ಸೆಟಿಗಳು ಇಂಥ ತರಬೇತಿಗೆ ಹೆಸರಾದವು. ಸಾಲದ ಮೊದಲ ಕಂತು ಬಿಡುಗಡೆಯಾದ ಮೇಲೆ ಬ್ಯಾಂಕ್ ನಿಮ್ಮ ಪರವಾಗಿ ಮಾರ್ಜಿನ್ ಮನಿಗೆ ಕೋರಿಕೆ ಕಳಿಸುತ್ತದೆ. ಇದನ್ನು ಕಳಿಸಿದ್ದಾರೆಯೇ ಎಂದು ಪೋರ್ಟಲ್‌ನಲ್ಲಿ ನೀವೇ ನೋಡುತ್ತಿರಿ. ಶಾಖೆಯ ಮೇಜಿನ ಮೇಲೆ ತಿಂಗಳುಗಟ್ಟಲೆ ಮಲಗಿದ ಕಡತಗಳು ಕಡಿಮೆಯೇನಲ್ಲ.

ಮೂರು ವರ್ಷ ಅರ್ಹರಾಗಿಯೇ ಉಳಿಯುವುದು

ಅರ್ಹತೆ ಅರ್ಜಿಯ ದಿನಕ್ಕೆ ಮುಗಿಯುವುದಿಲ್ಲ, ಠೇವಣಿ ಸಾಲಕ್ಕೆ ಜಮೆಯಾಗುವ ತನಕ ಇರುತ್ತದೆ. ಘಟಕದ ಮುಂದೆ ಇದು ಪಿಎಂಇಜಿಪಿ ನೆರವಿನದೆಂಬ ಫಲಕ ಇರಬೇಕು. ಹೇಳಿದ ಜಾಗದಲ್ಲೇ, ಹೇಳಿದ ಯಂತ್ರಗಳೇ ಇರಬೇಕು. ಪರಿಶೀಲನೆಯ ಕೆಲಸವನ್ನು ಈಚೆಗೆ ಅಂಚೆ ಇಲಾಖೆಗೆ ವಹಿಸಿದ್ದಾರೆ. ಹಾಗಾಗಿ ಬಾಗಿಲಿಗೆ ಬಂದು ಫೋಟೋ ತೆಗೆಯುವವರು ನಿಮ್ಮೂರಿನ ಓಣಿ ಓಣಿ ಬಲ್ಲವರೇ ಆಗಿರಬಹುದು. ಜಾಗ ಬದಲಿಸಬೇಕಾಗಿ ಬಂದರೆ ಮೊದಲೇ ಬ್ಯಾಂಕಿಗೂ ಸಂಸ್ಥೆಗೂ ಬರೆದು ತಿಳಿಸಿ.

ದುಡಿಯುವ ಬಂಡವಾಳಕ್ಕೆ ಕೊಟ್ಟ ಕ್ಯಾಶ್ ಕ್ರೆಡಿಟ್ (ಒಂದು ಮಿತಿಯೊಳಗೆ ಬೇಕಾದಾಗ ತೆಗೆದು, ಕಟ್ಟುವ ಸಾಲದ ಖಾತೆ) ವಿಷಯದಲ್ಲಿ ಯಾರೂ ಓದದ ಒಂದು ಷರತ್ತಿದೆ. ಮೂರು ವರ್ಷದಲ್ಲಿ ಒಮ್ಮೆಯಾದರೂ ಅದರ ಪೂರ್ತಿ ಮಿತಿಯನ್ನು ಬಳಸಿರಬೇಕು, ಸರಾಸರಿ ಬಳಕೆ ಶೇ. 75ಕ್ಕಿಂತ ಕಡಿಮೆ ಇರಬಾರದು. ಬೇಡದಷ್ಟು ದುಡಿಯುವ ಬಂಡವಾಳ ಬರೆಸಿಕೊಂಡು ಮುಟ್ಟದೆ ಇಟ್ಟರೆ ಆ ಪಾಲಿನ ಸಹಾಯಧನಕ್ಕೆ ಕುತ್ತು. ಸಾಲ ತೀರಿಸುವ ಅವಧಿ, ಆರಂಭದ ವಿನಾಯಿತಿ ಬಿಟ್ಟು, 3ರಿಂದ 7 ವರ್ಷ.

ಈ ಮೂರು ವರ್ಷ ಸರಿಯಾಗಿ ದಾಟಿದವರಿಗೆ ಎರಡನೆಯ ಸಾಲವೂ ಉಂಟು. ಘಟಕ ದೊಡ್ಡದು ಮಾಡಲು ತಯಾರಿಕೆಗೆ 1 ಕೋಟಿ, ಸೇವೆಗೆ 25 ಲಕ್ಷದವರೆಗಿನ ಪ್ರಾಜೆಕ್ಟಿಗೆ ಶೇ. 15 ಸಹಾಯಧನ, ಕೈಯಿಂದ ಶೇ. 10. ಮುದ್ರಾ ಸಾಲದಲ್ಲಿ ಶುರುವಾದ ಘಟಕಗಳೂ ಇಲ್ಲಿ ಅರ್ಹ. ಹೊಸ ಘಟಕವಲ್ಲವೆಂದು ಮೊದಲ ಬಾಗಿಲಲ್ಲಿ ನಿಂತುಹೋದ ಮುದ್ರಾದವರು ಇದನ್ನು ಗಮನಿಸಬೇಕು. ಪಿಎಂಇಜಿಪಿಯವರಾದರೆ ಮೊದಲ ಮಾರ್ಜಿನ್ ಮನಿ ಜಮೆಯಾಗಿರಬೇಕು. ಎಲ್ಲರಿಗೂ ಮೊದಲ ಸಾಲ ಹೊತ್ತಿಗೆ ಸರಿಯಾಗಿ ತೀರಿರಬೇಕು, ಕಳೆದ ಮೂರು ವರ್ಷ ಲಾಭ ತೋರಿಸಿರಬೇಕು. ಆ ಲಾಭ ಬರೀ ಹೇಳಿದರೆ ಆಗದು, ಲೆಕ್ಕಪತ್ರದಲ್ಲಿ ಕಾಣಬೇಕು. ಹಾಗಾಗಿ ಖರೀದಿ ಬಿಲ್ಲು, ಮಾರಾಟದ ಚೀಟಿ, ಕರೆಂಟ್ ಬಿಲ್ಲು, ಕೂಲಿ ಕೊಟ್ಟ ಪುಸ್ತಕ ಇವನ್ನು ಮೊದಲ ತಿಂಗಳಿಂದಲೇ ಒಂದು ಫೈಲಿಗೆ ಹಾಕುತ್ತಾ ಬನ್ನಿ.